ಬಿಸಿಲ ಸೀಮೆಯ ಕುರಿದಾರಿ

ಏಪ್ರಿಲ್ ಬಂತೆಂದರೆ ಚಾರಣದ ಬೂಟುಗಳು ಅಟ್ಟ ಸೇರುತ್ತವೆ. ಮಳೆ ಬಿದ್ದ ಮೇಲೆ ಅವು ಇಳಿದು ಬರುವುದು ಮಲೆನಾಡಿನ ಕಡೆಗೇ. 2024ರ ಜನವರಿಯ ಒಂದು ವಾರಾಂತ್ಯ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿ, ಸರ್ಕಾರ ಚಾರಣಕ್ಕೆ ಕೆಲಕಾಲ ತಡೆಯೊಡ್ಡಿತು. ಮುಂದೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು. ಇತ್ತ ನಾರಾಯಣಪುರದ ಬಸವಸಾಗರದಿಂದ ಹುಣಸಗಿ, ಸುರಪುರದ ಕಡೆಗೆ ಹಬ್ಬಿದ ಗುಡ್ಡಗಳಲ್ಲಿ ಮುಂಜಾನೆಯಿಡೀ ನಡೆದರೂ ಎದುರಾಗುವವರು ಒಬ್ಬಿಬ್ಬರು ಕುರಿ ಕಾಯುವವರು.

‘ಇಂಥಾ ಬಿಸಿಲಾಗ ಗುಡ್ಡ ಯಾಕ್ ಹತ್ತತೀರಿ?’ ಎಂದು ಅವರೂ ಕೇಳುತ್ತಾರೆ.

ಈ ಸೀಮೆಯ ಗುಡ್ಡ ಪೂರ್ತಿ ಕಣ್ಣಿಗೆ ಬೀಳುವುದೇ ಬ್ಯಾಸಿಗಿಯಲ್ಲಿ. ಮಳೆಗಾಲದಲ್ಲಿ ಹುಲ್ಲು ಮುಚ್ಚಿದ್ದನ್ನೆಲ್ಲ ವೈಶಾಖ ಬಿಚ್ಚಿಡುತ್ತದೆ. ಬಂಡೆಯ ಬಣ್ಣ, ಹಳೆಯ ಗೋಡೆಯ ಬುನಾದಿ, ಎಲ್ಲಕ್ಕಿಂತ ಹೆಚ್ಚಾಗಿ ದಾರಿ. ನಸುಕಿನಲ್ಲೇ ಹೊರಟು, ಹತ್ತು ಗಂಟೆಯೊಳಗೆ ಇಳಿದು, ಬೇವಿನ ನೆರಳಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದವನಿಗೆ ಬಿಸಿಲಿನ ಮೇಲೆ ಯಾವ ದೂರೂ ಇರುವುದಿಲ್ಲ.

ದಾರಿ ಎಂದರೆ ಕುರಿದಾರಿ. ಅದನ್ನು ಬಲ್ಲವರು ಬೇರೆ ದಾರಿ ಹುಡುಕುವುದಿಲ್ಲ. ಅಗಲ ಒಂದು ಅಡಿ ಇದ್ದರೆ ಹೆಚ್ಚು. ಗೊರಸಿನ ತುಳಿತಕ್ಕೆ ಮಣ್ಣು ಹಿಟ್ಟಾಗಿರುತ್ತದೆ. ಕಡಿದಾದ ಇಳಿಜಾರನ್ನು ಅದು ನೇರ ಏರುವುದಿಲ್ಲ, ಓರೆಯಾಗಿ ಹೋಗಿ ತಿರುವಿ ಬರುತ್ತದೆ. ದಾರಿ ಕವಲೊಡೆದಲ್ಲಿ ಹಿಕ್ಕೆ ನೋಡಬೇಕು. ಹಸಿಯಾಗಿ ಕಪ್ಪಗೆ ಹೊಳೆಯುವ ಹಿಕ್ಕೆ ಬಿದ್ದ ಕವಲು ಇವತ್ತಿನದು. ಬೂದಿಬಣ್ಣಕ್ಕೆ ತಿರುಗಿ, ಕಾಲಿಟ್ಟರೆ ಪುಡಿಯಾಗುವುದು ಹಿಂದಿನ ಹಂಗಾಮಿನದು. ಕುರಿಯನ್ನು ಮಧ್ಯಾಹ್ನಕ್ಕೆ ನೀರಿಗೆ ಇಳಿಸಲೇಬೇಕಾದ್ದರಿಂದ, ಇವತ್ತಿನ ಕವಲನ್ನು ಇಳಿಮುಖವಾಗಿ ಹಿಡಿದವರು ಬಹುಮಟ್ಟಿಗೆ ನೀರಿರುವಲ್ಲಿಗೇ ಮುಟ್ಟುತ್ತಾರೆ.

ಇಷ್ಟು ಅಚ್ಚುಕಟ್ಟಾದ ದಾರಿ ಕಾಲಕೆಳಗಿರುವಾಗ ಮೊಬೈಲ್ ನಕ್ಷೆಯ ಗೆರೆ ಹಿಡಿದು ಜಾಲಿಮುಳ್ಳಿಗೆ ನುಗ್ಗುವವರನ್ನು ಹೇಗೋ ಸಹಿಸಬಹುದು, ಮುಳ್ಳೇ ಅವರಿಗೆ ಬುದ್ಧಿ ಹೇಳುತ್ತದೆ. ಬಣ್ಣದ ಡಬ್ಬಿ ಹಿಡಿದು ಬರುವವರನ್ನು ಸಹಿಸಲಾಗದು. ಬಂಡೆಬಂಡೆಗೂ ಬಾಣದ ಗುರುತು, ಅದರ ಕೆಳಗೆ ತಂಡದ ಹೆಸರು! ಕುರಿಗೆ ಬೇಡದ, ಕುರಿ ಕಾಯುವವನಿಗೂ ಬೇಡದ ಈ ಬಾಣ ಯಾರಿಗಾಗಿ? ದಾರಿ ತಪ್ಪುವ ಭಯವಿದ್ದವರು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಅವರ ಕೂಲಿ ಕೊಟ್ಟು ನಡೆಯಲಿ. ಕಲ್ಲಿಗೆ ಬಣ್ಣ ಬಳಿಯುವ ಹಕ್ಕು ಯಾರಿಗೂ ಇಲ್ಲ. ಅದರಲ್ಲೂ ಈ ಸೀಮೆಯ ಕಲ್ಲಿಗೆ.

ಯಾಕೆಂದರೆ ಇಲ್ಲಿನ ಕಲ್ಲು ಬರೀ ಕಲ್ಲಲ್ಲ. ರಾಜನಕೋಳೂರಿನ ಬೃಹತ್ ಶಿಲಾ ಸಮಾಧಿಗಳ ಬಗ್ಗೆ, ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಬರೆದ. ಅವಕ್ಕಿಂತ ಎಷ್ಟೋ ಹಳೆಯದು ಹುಣಸಗಿ ಕಣಿವೆಯ ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಲ್ಲಿ ಅಗೆದು ಹೊರತೆಗೆದದ್ದು ಆದಿಮಾನವರು ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡುತ್ತಿದ್ದ ಜಾಗ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆ ಅದಕ್ಕೆ ಸುಮಾರು 12 ಲಕ್ಷ ವರ್ಷಗಳ ವಯಸ್ಸು ಹೇಳಿತು. ಪದ್ದಯ್ಯನವರ ವಿವರಣೆಯ ಪ್ರಕಾರ, ಆ ಜನ ಮಳೆಗಾಲದಲ್ಲಿ ಚಿಕ್ಕ ಗುಂಪುಗಳಾಗಿ ಕಣಿವೆಯ ತುಂಬ ಚೆದುರುತ್ತಿದ್ದರು. ಒಣಗಾಲ ಬಂದಾಗ ಬತ್ತದ ಒರತೆಗಳ ಸುತ್ತ ಕೂಡುತ್ತಿದ್ದರು. ಇಂದು ಬ್ಯಾಸಿಗಿಯ ಕುರಿಹಿಂಡೂ ಮಾಡುವುದು ಅದನ್ನೇ.

ಇಸಾಂಪುರ ಕೈಗೊಡಲಿಯ ಕಾರ್ಖಾನೆಯೆಂದು ತಿಳಿದದ್ದು ಹೇಗೆ? ಒಡೆಯಲು ಆರಿಸಿದ ಚಪ್ಪಡಿ, ಒಡೆದ ಗುಂಡುಕಲ್ಲು, ಸಿಡಿದ ಚಕ್ಕೆ ಎಲ್ಲ ಒಂದೇ ಕಡೆ, ಬಿದ್ದಲ್ಲೇ ಬಿದ್ದಿದ್ದರಿಂದ. ಅದರಲ್ಲೊಂದು ಚಂದದ ಕಲ್ಲನ್ನು ಯಾರಾದರೂ ಷೋಕೇಸಿಗೆಂದು ಚೀಲಕ್ಕೆ ಹಾಕಿಕೊಂಡಿದ್ದರೆ ಆ ಲೆಕ್ಕ ಅಷ್ಟಕ್ಕೆ ಕೆಡುತ್ತಿತ್ತು. ಹುಲ್ಲಿಲ್ಲದ ವೈಶಾಖದಲ್ಲಿ ಇಂಥ ಚಕ್ಕೆಗಳು ಕುರಿದಾರಿಯ ಪಕ್ಕದಲ್ಲೇ ಕಂಡಾವು. ಕಂಡವರು ಕೂತು ನೋಡಲಿ, ಫೋಟೊ ತೆಗೆಯಲಿ, ಜಾಗ ಗುರುತು ಹಾಕಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಲಿ. ಮೊಬೈಲ್ ನಕ್ಷೆಗೆ ಇದಕ್ಕಿಂತ ಒಳ್ಳೆಯ ಕೆಲಸ ಈ ಗುಡ್ಡಗಳಲ್ಲಿಲ್ಲ.