ಗ್ರಾಂಫು ದಾಟಿದ ಮೇಲೆ

ಹಿಮಾಚಲದ ಮನಾಲಿಯಿಂದ ಹೊರಟು, ಅಟಲ್ ಸುರಂಗದ 9 ಕಿಲೋಮೀಟರ್ ಮುಗಿಸಿ ಲಾಹೌಲ್ ಕಡೆಗೆ ಹೊರಬಿದ್ದು, ಬಲಕ್ಕೆ ತಿರುಗಿ ಕೋಕ್ಸರ್ ದಾಟಿದರೆ ಗ್ರಾಂಫು. ಅಲ್ಲಿಂದ ಸ್ಪಿತಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 505. ನಾವು ಹೋದಾಗ ಅದರ ಬಹುಭಾಗಕ್ಕೆ ಡಾಂಬರು ಇರಲಿಲ್ಲ. ಚಂದ್ರಾ ನದಿಯ ಪಕ್ಕದಲ್ಲೇ ಛತ್ರು, ಬಾತಲ್ ಮೂಲಕ ದಾರಿ ಮೇಲೇರುತ್ತದೆ. ಬಾತಲ್‌ವರೆಗೆ ಸುಮಾರು 50 ಕಿಲೋಮೀಟರ್. ಉದ್ದಕ್ಕೂ ಹೊಳೆಗುಂಡುಗಳು, ಹಲಗೆಯಂತೆ ಸೀಳಿದ ಚೂಪು ಕಲ್ಲುಗಳು, ಸಡಿಲ ಮಣ್ಣು. ನಡುನಡುವೆ ಹಿಮನದಿಗಳಿಂದ ಇಳಿಯುವ ತೊರೆಗಳು. ಅವುಗಳನ್ನು ಅಲ್ಲಿಯವರು ನಾಲಾ ಎನ್ನುತ್ತಾರೆ. ಬೆಳಿಗ್ಗೆ ಪಾದ ಮುಳುಗುವಷ್ಟಿರುವ ನಾಲಾ, ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ದಾಟುತ್ತದೆ.

ಹೋದವರು ಮೂವರು: ನಾನು, ಅಣ್ಣ, ಅತ್ತಿಗೆ. ಅಣ್ಣ ಮೂಡಿಗೆರೆ ಕಡೆಯ ಕಾಫಿ ತೋಟದವನು, ಮಳೆಗಾಲದ ಕೆಸರಿನಲ್ಲಿ ಜೀಪು ಓಡಿಸಿ ಪಳಗಿದವನು. ಗಾಡಿ ನನ್ನದು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ, ಎಡಬ್ಲ್ಯುಡಿ ಎಂದು ಬೆನ್ನ ಮೇಲೆ ಬರೆದುಕೊಂಡಿರುವ ಎಸ್‌ಯುವಿ.

ಅಣ್ಣನ ಜೀಪಿಗೂ ನನ್ನ ಗಾಡಿಗೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಜೀಪಿನಲ್ಲಿ ಕೈಯಿಂದ ಹಾಕುವ ಫೋರ್ ವೀಲ್ ಇದೆ, ಲೋ ಗೇರ್ ಇದೆ. ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ. ನನ್ನದರಂಥ ಗಾಡಿಗಳು ಸಾಮಾನ್ಯವಾಗಿ ಮುಂದಿನ ಚಕ್ರಗಳಿಂದಲೇ ಓಡುತ್ತವೆ. ಅವು ಜಾರಿದಾಗ, ಹಿಂದಿನ ಡಿಫರೆನ್ಷಿಯಲ್ ಪಕ್ಕದಲ್ಲಿರುವ ಕ್ಲಚ್ ತಟ್ಟೆಗಳ ಒಂದು ಕಪ್ಲಿಂಗ್ ಒತ್ತಿಕೊಂಡು ಹಿಂದಿನ ಚಕ್ರಗಳಿಗೂ ಶಕ್ತಿ ಕಳಿಸುತ್ತದೆ. ಮಳೆಯಲ್ಲಿ ನೆನೆದ ಹೆದ್ದಾರಿಗೆ, ಸ್ವಲ್ಪ ಹೊತ್ತಿನ ಕೆಸರಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಂಟೆಗಟ್ಟಲೆ ಜಾರುವ ನೆಲದಲ್ಲಿ ದುಡಿಸಿದರೆ ತಟ್ಟೆಗಳು ಕಾಯುತ್ತವೆ. ಕಾದಾಗ ತಮ್ಮನ್ನು ಉಳಿಸಿಕೊಳ್ಳಲು ಬಿಟ್ಟುಕೊಳ್ಳುತ್ತವೆ. ಆ ಕ್ಷಣದಿಂದ ಅದು ಬರೀ ಮುಂದಿನ ಚಕ್ರದ ಕಾರು.

ಛತ್ರು ದಾಟುವ ಮೊದಲೇ ಒಂದು ನಾಲಾದಲ್ಲಿ ಲಾರಿ ಸಿಕ್ಕಿಕೊಂಡು ತಾಸುಗಟ್ಟಲೆ ನಿಲ್ಲಬೇಕಾಯಿತು. ಮುಂದೆ ಒಂದು ತಿರುವಿನಲ್ಲಿ, ಎದುರು ಬಂದ ಟೆಂಪೋಗೆ ಜಾಗ ಕೊಟ್ಟು ಅಂಚಿಗೆ ಸರಿದಾಗ ಹಿಂದಿನ ಎಡ ಟೈರಿನ ಪಕ್ಕೆಯನ್ನು ಕಲ್ಲು ಸೀಳಿತು. ನೆಲಕ್ಕೆ ತಾಗುವ ಭಾಗದಲ್ಲಿ ತೂತಾಗಿದ್ದರೆ ಪಂಕ್ಚರ್ ಕಿಟ್ ಇತ್ತು. ಪಕ್ಕೆ ಸೀಳಿದರೆ ಅದಕ್ಕೆ ಔಷಧವಿಲ್ಲ. ಜಾಕಿ ಏರಿಸಿ ಸ್ಟೆಪ್ನಿ ಹಾಕಿದೆವು. ಆ ಸ್ಟೆಪ್ನಿ ಉಳಿದ ನಾಲ್ಕು ಚಕ್ರಗಳಿಗಿಂತ ಚಿಕ್ಕದು, ಸಪೂರ. 80ಕ್ಕಿಂತ ವೇಗ ಬೇಡವೆಂದು ಅದರ ಮೇಲೆಯೇ ಬರೆದಿತ್ತು. ಕಂಪನಿ ಕೊಟ್ಟಿದ್ದೇ ಅದು.

ಅಣ್ಣ ಅದನ್ನು ನೋಡಿ, "ಇದೆಂಥದು ಮಾರಾಯ್ತಿ, ಒಂದು ಕಾಲು ಗಿಡ್ಡ ಆಯ್ತಲ್ಲ ಇದಕ್ಕೆ" ಎಂದ. ಅವನು ಹೇಳಿದ್ದು ಅಕ್ಷರಶಃ ನಿಜ. ಚಿಕ್ಕ ಚಕ್ರ ಅದೇ ದೂರಕ್ಕೆ ಉಳಿದವುಗಳಿಗಿಂತ ಹೆಚ್ಚು ಸುತ್ತು ಸುತ್ತಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗ ತಾಳೆಯಾಗುವುದಿಲ್ಲ. ಬೆಳಿಗ್ಗೆಯಿಂದ ಸಡಿಲ ಮಣ್ಣಿನಲ್ಲಿ ದುಡಿಯುತ್ತಿದ್ದ ತಟ್ಟೆಗಳ ಮೇಲೆ ಈ ಹೊರೆಯೂ ಬಿತ್ತು. ಇಂಥ ಗಾಡಿಗಳಲ್ಲಿ ನಾಲ್ಕು ಟೈರುಗಳ ಅಳತೆಯಷ್ಟೇ ಅಲ್ಲ, ಸವೆತವೂ ಒಂದೇ ಮಟ್ಟದಲ್ಲಿರಬೇಕೆಂದು ತಯಾರಕರೇ ಹೇಳುತ್ತಾರೆ. ಹಾಗೆ ಹೇಳುವವರು ಐದನೆಯ ಚಕ್ರವನ್ನು ಮಾತ್ರ ಬೇರೆ ಅಳತೆಯಲ್ಲಿ ಕೊಡುತ್ತಾರೆ.

ಮುಂದಿನ ದೊಡ್ಡ ನಾಲಾ ತಲುಪುವಾಗ ಬಿಸಿಲು ವಾಲಿತ್ತು, ನೀರು ಏರಿತ್ತು. ಹಿಂತಿರುಗುವಂತಿರಲಿಲ್ಲ, ಹಿಂದಿನ ನಾಲಾ ಇದಕ್ಕಿಂತ ಜೋರಾಗಿದೆ ಎಂದು ಅಲ್ಲಿಂದ ಬಂದ ಪಿಕಪ್‌ನವರು ಹೇಳಿದರು. ಅವರು ಸ್ಪಿತಿಯ ಕಾಜಾಕ್ಕೆ ತರಕಾರಿ ಒಯ್ಯುತ್ತಿದ್ದರು. ಮೊದಲು ಅವರ ಗಾಡಿ ದಾಟಿತು. ಅಣ್ಣ ಪ್ಯಾಂಟು ಮಡಚಿ ನೀರಿಗಿಳಿದು, ಕಾಲಿನಿಂದ ಕಲ್ಲುಗಳನ್ನು ತಡವಿ, ಎಲ್ಲಿ ಚಕ್ರ ಇಡಬೇಕೆಂದು ಕೈ ತೋರಿಸಿದ. ನಾನು ಮೊದಲ ಗೇರಿನಲ್ಲಿ, ನಿಲ್ಲಿಸದೆ, ಅವನು ತೋರಿಸಿದ ಗೆರೆಯಲ್ಲೇ ಹೋದೆ. ಅರ್ಧ ದಾಟಿದಾಗ ಮೀಟರಿನಲ್ಲಿ ಎಡಬ್ಲ್ಯುಡಿ ಬಿಸಿಯಾಗಿದೆ ಎಂಬ ಸೂಚನೆ ಬೆಳಗಿತು. ಹಿಂದಿನಿಂದ ಬರುತ್ತಿದ್ದ ತಳ್ಳು ನಿಂತೇಹೋದದ್ದು ಸೀಟಿನಲ್ಲೇ ಗೊತ್ತಾಯಿತು. ಮುಂದಿನ ಚಕ್ರಗಳು ಗುಂಡುಕಲ್ಲಿನ ಮೇಲೆ ಸುಮ್ಮನೆ ಸುತ್ತಿದವು. ನೀರಿನ ರಭಸಕ್ಕೆ ಗಾಡಿ ಎಡಕ್ಕೆ ಜಾರಿ, ಬಂಡೆಯೊಂದರ ಮೇಲೆ ಹೊಟ್ಟೆಯೂರಿ ಕೂತಿತು. ಪಾದದ ಕೆಳಗೆ ದಢ್ ಎಂದದ್ದು ಈಗಲೂ ನೆನಪಾದರೆ ಮೈ ಬಿಗಿಯುತ್ತದೆ. ಕೂಡಲೇ ಆಯಿಲ್ ಪ್ರೆಶರಿನ ಕೆಂಪು ದೀಪ.

"ಪುಟ್ಟಿ, ಆಫ್ ಮಾಡು! ಮೊದಲು ಇಂಜಿನ್ ಆಫ್ ಮಾಡು!" ಅಣ್ಣ ಕೂಗುವ ಹೊತ್ತಿಗೆ ಕೈ ಸ್ವಿಚ್ಚಿನ ಮೇಲಿತ್ತು. ಪಿಕಪ್‌ನವರು ಹಗ್ಗ ಬಿಗಿದು ಆಚೆ ದಡಕ್ಕೆ ಎಳೆದರು. ಗಾಡಿಯ ಕೆಳಗೆ ಮಲಗಿ ನೋಡಿದರೆ ಆಯಿಲ್ ಚೇಂಬರ್ ಒಡೆದಿತ್ತು. ಅಂಗೈ ಉದ್ದದ ಬಿರುಕು. ಅದಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಚೂರಾಗಿ ನೀರಿನಲ್ಲಿ ಹೋಗಿತ್ತು. ಉಳಿದ ಆಯಿಲ್ ಕಲ್ಲುಗಳ ಮೇಲೆ ಸುರಿಯುತ್ತಿತ್ತು. ನಾವು ಕೆಳಗೆ ಪಾತ್ರೆ ಹಿಡಿದೆವು. ಆ ನೀರನ್ನು ಕೆಳಗೆ ಜನ ಕುಡಿಯುತ್ತಾರೆ.

ಗಾಡಿಯ ಕಥೆ ಅಲ್ಲಿಗೆ ನಿಂತಿತು. ನಿಜವಾದ ಸಂಕಟ ಆಮೇಲೆ ಶುರುವಾದದ್ದು ಅತ್ತಿಗೆಯದು. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಒಂದೇ ದಿನದಲ್ಲಿ ನಾವು 3,500 ಮೀಟರಿಗೂ ಮೇಲೆ ಬಂದಿದ್ದೆವು. ಸಂಜೆಗೆ ಅವರಿಗೆ ತಲೆ ಸಿಡಿಯತೊಡಗಿತು, ಎರಡು ಸಲ ವಾಂತಿಯಾಯಿತು. ಎತ್ತರದ ಕಾಯಿಲೆಗೆ ಕೆಳಗಿಳಿಯುವುದೇ ಮುಖ್ಯ ಮದ್ದು. ಪಿಕಪ್‌ನವರು ಕರೆದರು, ಆದರೆ ಅವರ ದಾರಿ ಇನ್ನೂ ಮೇಲಕ್ಕೆ, 4,500 ಮೀಟರ್ ದಾಟುವ ಕುಂಜುಂ ಪಾಸ್‌ಗೆ. ಕೆಳಗಿನ ದಾರಿಯನ್ನು ನಾಲಾ ಮುಚ್ಚಿತ್ತು. ಮೊಬೈಲ್‌ಗೆ ಸಿಗ್ನಲ್ ಇಲ್ಲ.

ಚೇಂಬರ್ ಒಡೆದ ಗಾಡಿಯಲ್ಲಿ ಹೀಟರ್‌ಗೆಂದು ಇಂಜಿನ್ ಹಾಕುವಂತಿಲ್ಲ. ಇದ್ದಬದ್ದ ಬಟ್ಟೆಯನ್ನೆಲ್ಲ ಅತ್ತಿಗೆಗೆ ಹೊದಿಸಿದೆವು. ಅಣ್ಣ ಗಂಟೆಗೊಮ್ಮೆ ಅವರನ್ನು ಎಬ್ಬಿಸಿ ಕೆಳಗಿಳಿಸಿ, ಟಾರ್ಚ್ ಬೆಳಕಿನಲ್ಲಿ ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸುತ್ತಿದ್ದ. ತೂರಾಡಿದರೆ, ಮಾತು ತಪ್ಪಿದರೆ ಮಿದುಳು ಬಾತಿದೆ ಎಂದರ್ಥ; ಹಾಗಾದರೆ ಬೆಳಗಿನವರೆಗೆ ಕಾಯುವಂತಿಲ್ಲ.

"ನಂಗೆ ಚಳಿ ರೀ, ಸಾಕು" ಎನ್ನುತ್ತಿದ್ದರು ಅತ್ತಿಗೆ.

"ಇನ್ನು ನಾಲ್ಕು ಹೆಜ್ಜೆ, ಅಷ್ಟೇ. ತೋಟದಲ್ಲಿ ಈಗ ಯಾವ ಕೆಲಸ ನಡೀತಿದೆ, ಹೇಳು ನೋಡುವ."

ಅವರು ಸರಿಯಾಗಿ ಉತ್ತರಿಸಿದಾಗಲೆಲ್ಲ ಅಣ್ಣ ಉಸಿರು ಬಿಡುವುದು ನನಗೆ ಕೇಳುತ್ತಿತ್ತು. ಕತ್ತಲಲ್ಲಿ ನಾಲಾ ಒಳಗೆ ಕಲ್ಲುಗಳು ಉರುಳುವ ಸದ್ದು ನಿಲ್ಲಲೇ ಇಲ್ಲ. 2023ರ ಜುಲೈ ಮಳೆಯಲ್ಲಿ ಇದೇ ಕಣಿವೆಯ ಮೇಲ್ಭಾಗದ ಚಂದ್ರತಾಲ್‌ನಲ್ಲಿ 200ಕ್ಕೂ ಹೆಚ್ಚು ಜನ ದಿನಗಟ್ಟಲೆ ಸಿಲುಕಿದ್ದ ಸುದ್ದಿಯನ್ನು ನಾವಿಬ್ಬರೂ ಓದಿದ್ದೆವು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬೆಳಿಗ್ಗೆ ನೀರು ಇಳಿದಿತ್ತು. ಕಾಜಾ ಕಡೆಯಿಂದ ಹಿಮಾಚಲ ಸಾರಿಗೆಯ ಬಸ್ಸು ಬಂತು. ಕಂಡಕ್ಟರ್ ಮುಂದಿನ ಸೀಟು ಬಿಡಿಸಿ ಅತ್ತಿಗೆಯನ್ನು ಕೂರಿಸಿದರು. ಗಾಡಿ, ವಿಮೆ ಎರಡೂ ನನ್ನ ಹೆಸರಿನಲ್ಲಿದ್ದುದರಿಂದ ಫೋನ್ ಸಿಗುವ ಕಡೆಗೆ ನಾನೇ ಹೋಗಬೇಕಿತ್ತು. ಅಣ್ಣ ಉಳಿದ. ಅವನಿಗೆ ಅನ್ನ, ಬೇಳೆ, ಮಲಗಲು ಟೆಂಟಿನಲ್ಲಿ ಜಾಗ ಕೊಟ್ಟವರು ರಸ್ತೆ ಕೆಲಸಕ್ಕೆ ಜಾರ್ಖಂಡ್‌ನಿಂದ ಬಂದಿದ್ದ ಕೂಲಿಯವರು. ಅವರಿಂದಲೇ ಆ ದಾರಿ ದಾರಿಯಾಗಿ ಉಳಿದಿದೆ. ಅಲ್ಲಿ ಓಡಾಡುವ ನಾವೆಲ್ಲ ಅವರ ಋಣದಲ್ಲಿದ್ದೇವೆ.

ಮನಾಲಿಗೆ ಇಳಿದ ಸಂಜೆಯೇ ಅತ್ತಿಗೆಯ ತಲೆನೋವು ಬಿಟ್ಟಿತು. ನನ್ನ ಜಗಳ ಮಾತ್ರ ಮುಗಿದಿರಲಿಲ್ಲ. ಸಹಾಯವಾಣಿಯವರು ಕಳಿಸಹೊರಟದ್ದು ಮುಂದಿನ ಎರಡು ಚಕ್ರ ಎತ್ತಿ ಎಳೆಯುವ ಕ್ರೇನನ್ನು. ಹಿಂದಿನ ಚಕ್ರಗಳು ನೆಲದಲ್ಲಿ ಉರುಳಿದರೆ, ಮೊದಲೇ ಕಾದು ಸೋತಿದ್ದ ಕಪ್ಲಿಂಗ್ ಪೂರ್ತಿ ಹಾಳಾಗುತ್ತದೆ. ನಾಲ್ಕೂ ಚಕ್ರ ನೆಲ ಬಿಡುವಂತೆ ಫ್ಲ್ಯಾಟ್‌ಬೆಡ್ ಲಾರಿಯ ಮೇಲೆಯೇ ಸಾಗಿಸಬೇಕೆಂದು ಗಾಡಿಯ ಕೈಪಿಡಿಯಲ್ಲಿದೆ. ಆ ಪುಟದ ಫೋಟೋ ಕಳಿಸಿ, ಮೇಲಿನವರನ್ನು ಕೇಳಿ, ಮತ್ತೆ ಮತ್ತೆ ಫೋನ್ ಮಾಡಿದ ಮೇಲೆ ಫ್ಲ್ಯಾಟ್‌ಬೆಡ್ ಹೊರಟಿತು. ನಸುಕಿನಲ್ಲಿ ನಾಲಾ ದಾಟಿ ಗಾಡಿಯನ್ನೂ ಅಣ್ಣನನ್ನೂ ಕರೆತಂದಿತು.

ವಿಮೆಯ ಸರ್ವೇಯರ್ ಕೇಳಿದ ಮೊದಲ ಪ್ರಶ್ನೆ: ಕೆಂಪು ದೀಪ ಬಂದ ಮೇಲೆ ಎಷ್ಟು ದೂರ ಓಡಿಸಿದಿರಿ? ಒಂದಡಿಯೂ ಇಲ್ಲ ಎಂದೆ, ಇಂಜಿನ್ ಬಿಚ್ಚಿದಾಗ ಅದೇ ಸಾಬೀತಾಯಿತು. ಬೇರಿಂಗ್‌ಗಳು ಉಳಿದಿದ್ದವು. ಆಯಿಲ್ ಇಲ್ಲದೆ ಓಡಿಸಿ ಇಂಜಿನ್ ಹಿಡಿದುಕೊಂಡಿದ್ದರೆ, ಇಂಜಿನ್ ರಕ್ಷಣೆಯ ಹೆಚ್ಚುವರಿ ಕವಚವಿಲ್ಲದ ಸಾಮಾನ್ಯ ಪಾಲಿಸಿ ಅದರ ಖರ್ಚು ಕೊಡುವುದಿಲ್ಲ. ಚೇಂಬರಿನ ಹಣ ಬಂತು. ಕಪ್ಲಿಂಗ್‌ನದು ಬರಲಿಲ್ಲ, ಅದು ಸವೆತವೆಂದರು. ಸೀಳಿದ ಒಂದು ಟೈರಿಗಾಗಿ ನಾಲ್ಕನ್ನೂ ಬದಲಿಸಬೇಕಾಯಿತು, ಹೊಸದೊಂದು ಹಳೆಯ ಮೂರರ ಜೊತೆ ತಾಳೆಯಾಗದೆಂದು. ಈಗ ಅದೇ ಗಾಡಿಗೆ ಕೆಳಗೆ ಉಕ್ಕಿನ ತಗಡು ಕೂರಿಸಿದ್ದೇನೆ. ಡಿಕ್ಕಿಯ ಅರ್ಧ ಜಾಗವನ್ನು ಪೂರ್ತಿ ಅಳತೆಯ ಚಕ್ರಕ್ಕೆ ಕೊಟ್ಟಿದ್ದೇನೆ.

2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಟೈರಿನ ಗಾಳಿ ತೋರಿಸುವ ವ್ಯವಸ್ಥೆ ಮತ್ತು ದುರಸ್ತಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿಯೇ ಬೇಡವೆಂದಿತು. ಊರೊಳಗಿನ ಕಾರುಗಳ ಮಟ್ಟಿಗೆ ಅದು ಸರಿ ಇರಬಹುದು. ಮಣ್ಣಿನ ದಾರಿಯ ಚಿತ್ರ ತೋರಿಸಿ ಮಾರುವ ಎಡಬ್ಲ್ಯುಡಿ ಗಾಡಿಗಳಿಗೆ ಅದು ಸರಿಯಲ್ಲ. ಕಾರು ತಯಾರಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಐದನೆಯ ಚಕ್ರವನ್ನೂ ಉಳಿದ ನಾಲ್ಕರ ಅಳತೆಯಲ್ಲೇ ಕೊಡಿ, ಚೇಂಬರಿಗೆ ಪ್ಲಾಸ್ಟಿಕ್ ಬದಲು ಉಕ್ಕಿನ ಹೊದಿಕೆ ಕೊಡಿ, ಬೇಕಾದರೆ ಬೆಲೆ ಸೇರಿಸಿ. ಓದುತ್ತಿರುವ ನಿಮ್ಮ ಮನೆಯಲ್ಲಿ ಇಂಥ ಗಾಡಿಯಿದ್ದರೆ, ಮುಂದಿನ ಮಣ್ಣಿನ ದಾರಿಗೆ ಹೊರಡುವ ಮೊದಲು ಡಿಕ್ಕಿಯ ನೆಲ ಎತ್ತಿ ಸ್ಟೆಪ್ನಿಯ ಮೇಲೆ ಬರೆದ ಅಂಕೆಯನ್ನು ಉಳಿದ ಟೈರುಗಳ ಅಂಕೆಯ ಜೊತೆ ಹೋಲಿಸಿ ನೋಡಿ.