ಸೀಲು ಹೊಸದು, ಸೋರಿಕೆ ಹಳೇದು

ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ರು ಅಂದ್ರೆ ನಮ್ಮ ಶಹಾಪುರ, ಸುರಪುರ ಕಡೆ ಭತ್ತದ ಗದ್ದೆ ಕೆಲಸ ಶುರು. ಅದರ ಹಿಂದೆಯೇ ಗ್ಯಾರೇಜುಗಳ ಮುಂದೆ ರೋಟವೇಟರ್‌ಗಳ ಸಾಲು. ಕೆಸರಲ್ಲಿ ಅರ್ಧ ಮುಳುಗಿ ತಿರುಗುವ ಯಂತ್ರ ಅದು. ಅದರಲ್ಲಿ ಮೊದಲು ಸೋಲೋದು ಆಯಿಲ್ ಸೀಲ್. ಎಣ್ಣೆ ಹೊರಗೆ, ಕೆಸರು ಒಳಗೆ, ಆಮೇಲೆ ಬೇರಿಂಗು, ಗೇರು ಎಲ್ಲ ಹೋಗುತ್ತೆ.

ನಮ್ಮ ಮಾವ ರೋಟವೇಟರ್ ಬಾಡಿಗೆಗೆ ಓಡಿಸ್ತಾರೆ. ಹೋದ ವರ್ಷ ಗೇರ್‌ಬಾಕ್ಸಿನ ಮುಂದಿನ ಸೀಲ್, ಅಂದ್ರೆ ಟ್ರ್ಯಾಕ್ಟರಿನ ಕಾರ್ಡನ್ ಶಾಫ್ಟ್ ಬಂದು ಸೇರುವ ಜಾಗದ್ದು, ಎರಡು ಸಲ ಬದಲಾಯ್ತು. ಎರಡು ಸಲವೂ ವಾರದೊಳಗೆ ಸೋರಿತು. ಗಾಡಿ ನಿಂತ ದಿನ ಬಾಡಿಗೆ ಇಲ್ಲ, ಸಾಲದ ಕಂತು ಮಾತ್ರ ನಿಲ್ಲಲ್ಲ. "ಡೂಪ್ಲಿಕೇಟ್ ಮಾಲ್ ಕೊಟ್ಟಾನ" ಅಂತ ಮಾವ ಯಾದಗಿರಿಯ ಸ್ಪೇರ್ಸ್ ಅಂಗಡಿಯವನಿಗೆ ಬೈದದ್ದೇ ಬೈದದ್ದು. ಮೂರನೇ ಸಲ ಬೇರೆ ಗ್ಯಾರೇಜಿಗೆ ಹೋದಾಗ ರಜೆಯಲ್ಲಿದ್ದ ನಾನೂ ಜೊತೆಗಿದ್ದೆ.

ಈ ಮಿಸ್ತ್ರಿ ಹೊಸ ಸೀಲನ್ನ ಮುಟ್ಟಲೇ ಇಲ್ಲ. ಮೊದಲು ಗೇರ್‌ಬಾಕ್ಸ್ ಮೇಲಿನ ಬ್ರೀದರ್ ಬಿಚ್ಚಿದ್ರು. ಕೆಸರು ಒಣಗಿ ತೂತು ಮುಚ್ಚಿಹೋಗಿತ್ತು. ಓಡಿ ಓಡಿ ಬಿಸಿಯಾದಾಗ ಒಳಗಿನ ಗಾಳಿಗೆ ಒತ್ತಡ ಏರುತ್ತೆ. ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ ಎಣ್ಣೆಯನ್ನ ಸೀಲಿನ ತುಟಿ ಮೂಲಕವೇ ದೂಡುತ್ತೆ. ನಮ್ಮ ಥರ್ಮೋಡೈನಮಿಕ್ಸ್ ಪುಸ್ತಕದಲ್ಲೂ ಇದೇ ಮಾತು ಇದೆ, ಕೆಸರು ಮಾತ್ರ ಇಲ್ಲ.

ಆಮೇಲೆ ಶಾಫ್ಟ್ ಒರೆಸಿ ಅದರ ಮೇಲೆ ಉಗುರು ಎಳೆದ್ರು. "ನೋಡಿಲ್ಲಿ, ಉಗುರು ತಡೀತದ. ಗೆರಿ ಬಿದ್ದದ." ಮೆತ್ತನೆ ರಬ್ಬರ್ ಉಕ್ಕನ್ನ ಸವೆಸುತ್ತಾ? ತುಟಿ ಕೆಳಗೆ ಮರಳು ಸಿಕ್ಕಿಕೊಂಡ್ರೆ ಸವೆಸುತ್ತೆ. ಹೊಸ ಸೀಲಿನ ತುಟಿಯೂ ಅದೇ ಗೆರೆಯಲ್ಲಿ ಕೂತ್ರೆ, ಎಂಥಾ ಒರಿಜಿನಲ್ ಆದ್ರೂ ಸೋರುತ್ತೆ. ಗೆರೆ ಆಳ ಇದ್ರೆ ಶಾಫ್ಟಿಗೆ ತೆಳ್ಳನೆ ಸ್ಲೀವ್ ಹಾಕಬೇಕು. ಇಲ್ಲಿ ಹೌಸಿಂಗ್‌ನಲ್ಲಿ ಜಾಗ ಇತ್ತು, ಅದಕ್ಕೆ ಸೀಲನ್ನ ಸುಮಾರು 2 ಮಿ.ಮೀ. ಹೊರಗೆ ಕೂರಿಸಿದ್ರು. ತುಟಿಗೆ ನುಣುಪಾದ ಹೊಸ ಜಾಗ ಸಿಕ್ತು. ಲ್ಯಾಬ್‌ನಲ್ಲಿ ನಾವು ಸರ್ಫೇಸ್ ರಫ್‌ನೆಸ್ ಅಂತ ಮೀಟರ್ ಇಟ್ಟು ನೋಡೋದನ್ನ ಅವರು ಉಗುರಲ್ಲಿ ಮುಗಿಸಿದ್ದರು.

ಕೂರಿಸೋದೂ ಒಂದು ಕೆಲಸವೇ. ಹಿಂದಿನ ಸೀಲಿನ ಒಂದು ಬದಿ ಸುತ್ತಿಗೆ ಏಟಿಗೆ ತಗ್ಗಾಗಿತ್ತು, ಅಂದ್ರೆ ಅದು ಓರೆಯಾಗಿಯೇ ಒಳಗೆ ಹೋಗಿತ್ತು. ಇವರು ಶಾಫ್ಟಿನ ಸ್ಪ್ಲೈನ್ ಮೇಲೆ ಟೇಪ್ ಸುತ್ತಿದ್ರು, ಚೂಪು ಅಂಚು ತುಟಿಯನ್ನ ಕೊಯ್ಯಬಾರದಲ್ಲ. ಒಣ ತುಟಿ ಮೊದಲ ಸುತ್ತುಗಳಲ್ಲೇ ಸುಡುತ್ತೆ, ಅದಕ್ಕೆ ಗ್ರೀಸ್ ಸವರಿದ್ರು. ಸ್ಪ್ರಿಂಗ್ ಇರುವ ಮುಖ ಎಣ್ಣೆ ಕಡೆಗೆ. ಸೀಲಿನ ಹೊರಗಿನ ಅಳತೆಗಿಂತ ಚೂರೇ ಸಣ್ಣದಾದ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟಿದ್ರು. ಅಂದಹಾಗೆ ಸೀಲ್ ಮೇಲೆ 35-52-7 ಅಂತ ಇದ್ರೆ ಶಾಫ್ಟಿನ ವ್ಯಾಸ, ಹೌಸಿಂಗ್ ವ್ಯಾಸ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ.

ಆ ಹಂಗಾಮು ಮುಗಿಯೋವರೆಗೂ ಮಾವ ದಿನಾ ಸಂಜೆ ಬ್ರೀದರ್ ಒರೆಸ್ತಿದ್ರು. ಯಾದಗಿರಿಯ ಅಂಗಡಿಯವನ ಜೊತೆ ಮಾತ್ರ ಇನ್ನೂ ಮಾತಿಲ್ಲ.