ಔಷಧದಾನದ ಲೆಕ್ಕ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಶ್ರಾವಕನಿಗೆ ವಿಹಿತವಾದವು. ದಶಲಕ್ಷಣ ಪರ್ವದ ಉತ್ತಮ ತ್ಯಾಗದ ದಿನ ಇವುಗಳ ಮಹಿಮೆಯನ್ನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇನೆ. ಬಟ್ಟೆ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ನನಗೆ ಔಷಧದಾನವೆಂದರೆ ಆಸ್ಪತ್ರೆಗೆ ಹಣ ಕೊಡುವುದು ಎಂದಷ್ಟೇ ತಿಳಿದಿತ್ತು. ಆ ತಿಳಿವಳಿಕೆ ಎಷ್ಟು ಅಪೂರ್ಣವೆಂಬುದು ಎಂ.ಬಿ.ಎ. ವ್ಯಾಸಂಗಕ್ಕೆ ಸೇರಿದ ಮೇಲೆ, ನನ್ನದೇ ಒಂದು ತಪ್ಪಿನಿಂದ ಮನವರಿಕೆಯಾಯಿತು.

ಮೊದಲ ವರ್ಷದ ರಜೆಯಲ್ಲಿ, ನಮ್ಮ ಬಸದಿಯ ವತಿಯಿಂದ ನಡೆದ ನೇತ್ರ ತಪಾಸಣಾ ಶಿಬಿರದ ಲೆಕ್ಕಪತ್ರ ನನ್ನ ಪಾಲಿಗೆ ಬಂದಿತು. ಕಣ್ಣಿನ ಪೊರೆ ಬಂದವರಿಗೆ ಜಿಲ್ಲಾ ಕೇಂದ್ರದಲ್ಲಿ ಉಚಿತ ಶಸ್ತ್ರಚಿಕಿತ್ಸೆಗೆಂದು ಚೀಟಿ ಕೊಟ್ಟೆವು. ನಾನು ವರದಿ ಬರೆದೆ, ಹಿರಿಯರು ಮೆಚ್ಚಿದರು. ಕೆಲವು ತಿಂಗಳ ಬಳಿಕ, ನಮ್ಮ ಅಂಗಡಿಯ ಮುಂದೆ ಹೂ ಮಾರುವ ಅಜ್ಜಿ ನಾಣ್ಯಗಳನ್ನು ಬೆರಳಿನಿಂದ ತಡವಿ ಗುರುತಿಸುತ್ತಿರುವುದನ್ನು ಕಂಡೆ.

"ಅಜ್ಜಿ, ಆಪರೇಷನ್ ಆಗಲಿಲ್ಲವೇ?" ಎಂದೆ.

ಸೆರಗಿನ ಗಂಟಿನಿಂದ ಅದೇ ಚೀಟಿಯನ್ನು ತೆಗೆದು, "ಜೊತೆಗೆ ಬರೋರು ಯಾರಪ್ಪ? ಮಗ ಕೂಲಿ ಬಿಟ್ಟು ಬಂದರೆ ಮನೇಲಿ ಒಲೆ ಉರಿಯೋದಿಲ್ಲ" ಎಂದರು.

ನನ್ನ ವರದಿಯಲ್ಲಿ ಆಕೆ 'ಚಿಕಿತ್ಸೆ ಪಡೆದವರ' ಸಾಲಿನಲ್ಲಿದ್ದರು. ಚೀಟಿ ಕೊಟ್ಟವರನ್ನೆಲ್ಲ ನಾನು ಹಾಗೆಯೇ ಬರೆದಿದ್ದೆ. ಹಿಂಸೆಗೆ ಮೂಲ ಪ್ರಮಾದವೆಂದು ನಮ್ಮ ಆಚಾರ್ಯರು ಬೋಧಿಸಿದ್ದಾರೆ. ದಾನದ ಹೆಸರಿನಲ್ಲಿ ನಾನು ಮಾಡಿದ್ದು ಅಂತಹ ಪ್ರಮಾದವೇ; ಅದರೊಡನೆ ಅಸತ್ಯವೂ ಸೇರಿತ್ತು.

ಮರಳಿ ಕಾಲೇಜಿಗೆ ಹೋದಾಗ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಚರಿತ್ರೆಯನ್ನು ಆಸಕ್ತಿಯಿಂದ ಓದಿದೆ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಅದನ್ನು ಆರಂಭಿಸಿದರು. ಉಳ್ಳವರು ತೆರುವ ಶುಲ್ಕದಿಂದಲೇ ಬಡವರ ಚಿಕಿತ್ಸೆಯ ವೆಚ್ಚ ಸಾಗುವ ವ್ಯವಸ್ಥೆ ಅಲ್ಲಿಯದು. ಶಸ್ತ್ರಚಿಕಿತ್ಸೆ ಉಚಿತವಾದರೂ ಪ್ರಯಾಣ, ಊಟಗಳ ಖರ್ಚಿಗೆ ಮತ್ತು ಭಯಕ್ಕೆ ಜನ ಹಿಂಜರಿಯುತ್ತಾರೆಂಬುದನ್ನು ಅವರು ಅರಿತರು. ಶಿಬಿರದಿಂದಲೇ ವಾಹನದಲ್ಲಿ ಕರೆದೊಯ್ದು, ಊಟ ವಸತಿಗಳನ್ನಿತ್ತು, ಮರಳಿ ಊರಿಗೆ ಮುಟ್ಟಿಸುವ ಏರ್ಪಾಡು ಮಾಡಿದರು. 1992ರಲ್ಲಿ ಸ್ಥಾಪಿತವಾದ ಆರೋಲ್ಯಾಬ್ ಸಂಸ್ಥೆ, ಕಣ್ಣಿನೊಳಗೆ ಇಡುವ ಕೃತಕ ಮಸೂರವನ್ನು ಇಲ್ಲಿಯೇ ತಯಾರಿಸಿ ಅದರ ಬೆಲೆಯನ್ನು ಬಹಳ ಇಳಿಸಿತು. ಕರುಣೆಗೆ ವ್ಯವಹಾರಜ್ಞಾನ ಕೂಡಿದಾಗ ಏನಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಮುಂದಿನ ರಜೆಯಲ್ಲಿ ಬಸದಿಯ ಹಿರಿಯರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಅವರು ಗದರಲಿಲ್ಲ; ಒಂದು ವ್ಯಾನನ್ನು ಗೊತ್ತುಮಾಡಿಕೊಟ್ಟರು. ಹಳೆಯ ಪಟ್ಟಿ ಹಿಡಿದು ಮನೆಮನೆಗೆ ಹೋದೆವು. ಮೊದಲ ಸರದಿಯಲ್ಲಿಯೇ ಹೂವಿನ ಅಜ್ಜಿ ಹೊರಟರು. ಜೊತೆಗೆ ನಾನಿದ್ದೆ, ಮಗನ ಕೂಲಿ ತಪ್ಪಲಿಲ್ಲ.

ಈಗ ನನ್ನ ವ್ಯಾಸಂಗ ಮುಗಿಯುತ್ತಿದೆ. ಗ್ರಾಮಾಂತರ ಆಸ್ಪತ್ರೆಯೊಂದರ ಆಡಳಿತದಲ್ಲಿ, ಸಹಪಾಠಿಗಳಿಗಿಂತ ಕಡಿಮೆ ಸಂಬಳಕ್ಕೆ, ಕೆಲಸಕ್ಕೆ ಸೇರಲು ನಿಶ್ಚಯಿಸಿದ್ದೇನೆ. ಅಂಗಡಿಯನ್ನು ನಾನೇ ನೋಡಿಕೊಳ್ಳುವೆನೆಂದು ನಂಬಿದ್ದ ತಂದೆಯವರು ಬಹಳ ಹೊತ್ತು ಮೌನವಾಗಿದ್ದರು. ಕೊನೆಗೆ, "ಬಾಕಿ ತೀರುವ ತನಕ ಖಾತೆ ಮುಚ್ಚಬಾರದು ಎಂದು ಅಂಗಡಿಯಲ್ಲಿ ಕಲಿತಿದ್ದೀಯಲ್ಲ, ಅದನ್ನು ಅಲ್ಲಿಯೂ ಮರೆಯಬೇಡ" ಎಂದರು.

ನಮ್ಮ ಟ್ರಸ್ಟುಗಳ ಹಿರಿಯರಲ್ಲಿ ನನ್ನ ವಿನಂತಿಯೂ ಇಷ್ಟೇ. ಶಿಬಿರಕ್ಕೆ ಎಷ್ಟು ಜನ ಬಂದರೆಂಬುದರ ಪಕ್ಕದಲ್ಲಿ, ಎಷ್ಟು ಜನ ಗುಣ ಹೊಂದಿದರೆಂಬ ಇನ್ನೊಂದು ಸಾಲನ್ನೂ ಬರೆಯೋಣ. ಆ ಸಾಲು ತುಂಬಿದಾಗಲೇ ಔಷಧದಾನ ಪೂರ್ಣವಾಗುತ್ತದೆ.